ಆರು ಗಂಟೆಯ ಧಾರಾವಾಹಿಯ ಬಗ್ಗೆ ನಾನು ಆಡಿದ ಮಾತು

ನಮ್ಮ ಕಡೆ ಟಿ.ವಿ. ಧಾರಾವಾಹಿಗಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಏಳೂವರೆಯದು, ಎಂಟು ಗಂಟೆಯದು, ಒಂಬತ್ತರದು ಎಂದೇ ಮಾತು. ನಾನು ಹೇಳಹೊರಟಿರುವುದು ಆರು ಗಂಟೆಯದರ ವಿಷಯ. ಅದು ನಿಂತು ಒಂದೂವರೆ ವರ್ಷವಾಯಿತು. ನಿಂತಿದ್ದಕ್ಕೆ ನಾನು ಕಾರಣಳೆಂದು ಹೇಳಿಕೊಳ್ಳುವಷ್ಟು ದೊಡ್ಡವಳಲ್ಲ. ಅದರ ಬಗ್ಗೆ ನಾನೊಂದು ಮಾತು ಆಡಿದೆ, ಅಷ್ಟೇ. ಆ ಮಾತನ್ನು ಇವತ್ತಿಗೂ ವಾಪಸು ತೆಗೆದುಕೊಳ್ಳಲಾಗಿಲ್ಲ.

ನಾನು ಚನ್ನರಾಯಪಟ್ಟಣದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಹಾಸನದಲ್ಲಿ ಶಿಕ್ಷಕರ ತರಬೇತಿ ನಡೆದಾಗ ಊಟದ ಹೊತ್ತಿನಲ್ಲಿ ಐದಾರು ಜನ ಹೆಂಗಸರ ನಡುವೆ ಧಾರಾವಾಹಿಯ ಮಾತು ಶುರುವಾಯಿತು. ಮಾತು ಮುಗಿಯದೆ ಅದೊಂದು ವಾಟ್ಸಾಪ್ ಗುಂಪಾಯಿತು. ಅವರ ಅಕ್ಕತಂಗಿಯರು, ಇವರ ನಾದಿನಿಯರು ಎಂದು ಸೇರುತ್ತಾ ಸೇರುತ್ತಾ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ನಾಲ್ಕೂ ಕಡೆಯವರು ಅದರೊಳಗೆ ಬಂದರು. ಬೆಳಿಗ್ಗೆ ಅಡುಗೆ ಮುಗಿಯುವ ಹೊತ್ತಿಗೆ ಹಿಂದಿನ ಸಂಜೆಯ ಕಂತುಗಳ ವಿಚಾರಣೆ ಶುರುವಾಗುತ್ತಿತ್ತು.

ಅದರಲ್ಲಿ ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದುದು ಇಬ್ಬರ ಮಾತನ್ನು. ಒಬ್ಬರು ಹೊಳೆನರಸೀಪುರದ ನಿವೃತ್ತ ನರ್ಸಮ್ಮ. ಇನ್ನೊಬ್ಬಳು ನಾನು. ನರ್ಸಮ್ಮನವರು ಅಭಿನಯ ನೋಡುತ್ತಿದ್ದರು. ಅಷ್ಟು ವರ್ಷ ವಾರ್ಡಿನಲ್ಲಿ ಅಳುವವರನ್ನು ನೋಡಿದ್ದ ಅವರು, ಮೂಗು ಸೋರದ ಅಳುವನ್ನು ಅಳುವೆಂದು ಒಪ್ಪುತ್ತಿರಲಿಲ್ಲ. ನಾನು ಸಂಭಾಷಣೆ ಹಿಡಿದು ಕೂರುತ್ತಿದ್ದೆ. ಇಂಥ ಊರಿನ ಅತ್ತೆ ಇಂಥ ಮಾತು ಆಡುತ್ತಾಳೆಯೇ ಎಂದು ಐದೈದು ನಿಮಿಷದ ಧ್ವನಿಸಂದೇಶ ಕಳಿಸುತ್ತಿದ್ದೆ. ನಡುನಡುವೆ ಒಂದೊಂದು ಚುಚ್ಚುಮಾತು ಸೇರಿಸುವುದು ನನಗೆ ಅಭ್ಯಾಸ. ಜನ ನಗುವ ಮುಖಗಳನ್ನು ಸಾಲಾಗಿ ಹಾಕುತ್ತಿದ್ದರು. ಪಾಠ ಮಾಡುವಾಗ ಹುಡುಗರು ಆಕಳಿಸುತ್ತಾರೆ. ಇಲ್ಲಿ ನನ್ನ ಮಾತಿಗೆ ಕಾಯುವವರಿದ್ದರು. ಅದರ ರುಚಿ ನನಗೆ ಚೆನ್ನಾಗಿಯೇ ಹತ್ತಿತ್ತು.

ನನ್ನ ವಾರಗಿತ್ತಿ, ಅಂದರೆ ನನ್ನ ಯಜಮಾನರ ಅಣ್ಣನ ಹೆಂಡತಿ, ಇರುವುದು ಬಾಗೂರಿನಲ್ಲಿ. ಭಾವ ಅಲ್ಲಿ ಜಮೀನು ನೋಡಿಕೊಳ್ಳುತ್ತಾರೆ. ನನಗಿಂತ ಎಂಟು ವರ್ಷ ದೊಡ್ಡವಳು, ಅಕ್ಕ ಎನ್ನುತ್ತೇನೆ. ಮದುವೆಯಾಗಿ ಬಂದ ಮೇಲೆ ನನಗೆ ಬಿ.ಎಡ್. ಓದುವ ಆಸೆಯಾದಾಗ ಎರಡು ವರ್ಷದ ನನ್ನ ಮಗಳನ್ನು ತನ್ನ ಹತ್ತಿರ ಇಟ್ಟುಕೊಂಡವಳು ಅವಳು. ನಾನು ಹಾಸನದ ಹಾಸ್ಟೆಲಿನಿಂದ ವಾರಕ್ಕೊಮ್ಮೆ ಬರುತ್ತಿದ್ದೆ. ಮಗು ಬಿದ್ದರೆ ನನ್ನ ಕಡೆ ಬರದೆ ಅವಳ ಕಡೆ ಓಡುತ್ತಿತ್ತು. ಈಗ ಮಗಳು ಹಾಸನದಲ್ಲಿ ಡಿಗ್ರಿ ಓದುತ್ತಾಳೆ. ಊರಿಗೆ ಬಂದರೆ ಬ್ಯಾಗು ನನ್ನ ಮನೆಯಲ್ಲಿಟ್ಟು, ದೊಡ್ಡವ್ವನ್ನ ನೋಡಿಕೊಂಡು ಬರುತ್ತೇನೆ ಎಂದು ಬಾಗೂರಿನ ಬಸ್ಸು ಹತ್ತುತ್ತಾಳೆ.

ಅಕ್ಕನಿಗೆ ಮಕ್ಕಳಾಗಲಿಲ್ಲ. ಹಾಸನ, ಮೈಸೂರು ಎಂದು ಡಾಕ್ಟರುಗಳನ್ನು ನೋಡಿದ್ದೂ ಆಯಿತು, ದೇವರುಗಳನ್ನು ಸುತ್ತಿದ್ದೂ ಆಯಿತು. ಆ ವಿಷಯವನ್ನು ಅವಳು ಎಂದೂ ಬಾಯಿಬಿಟ್ಟು ಆಡಿದವಳಲ್ಲ. ನನ್ನ ಸೀಮಂತದ ದಿನ ಮಡಿಲು ತುಂಬಲು ಐದು ಜನ ಮುತ್ತೈದೆಯರನ್ನು ಕರೆದಾಗ ನಮ್ಮ ಸೋದರತ್ತೆಯೊಬ್ಬರು ಅಕ್ಕನನ್ನು ನೋಡಿ, ಒಲೆ ಮೇಲೆ ಇಟ್ಟಿರುವುದನ್ನು ಒಂದಿಷ್ಟು ನೋಡಿಕೊಂಡು ಬಾರವ್ವ ಎಂದರು. ಅವಳು ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ, ಅಡುಗೆಯೆಲ್ಲ ಆಗಿಹೋಗಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಹಸೆಯ ಮೇಲೆ ಕೂತು ತಲೆ ತಗ್ಗಿಸಿಕೊಂಡಿದ್ದೆ.

ಪ್ರತಿ ಶುಕ್ರವಾರ ಅವಳು ಸೊಪ್ಪು, ಕಾಯಿ, ಒಂದಿಷ್ಟು ಮಜ್ಜಿಗೆ ಹಿಡಿದುಕೊಂಡು ಚನ್ನರಾಯಪಟ್ಟಣಕ್ಕೆ ಬರುತ್ತಿದ್ದಳು. ಬೇರೆ ಕೆಲಸವಿದ್ದರೆ ಮುಗಿಸಿಕೊಂಡು ಐದೂವರೆಗೆ ನಮ್ಮ ಮನೆ. ಏಳೂವರೆಯ ಬಸ್ಸಿಗೆ ವಾಪಸು. ನಡುವೆ ಆರು ಗಂಟೆಯದನ್ನು ನೋಡಲೇಬೇಕು. ದಿವಾನಕ್ಕೆ ಒರಗಿ ನೆಲದ ಮೇಲೆ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಹುಡುಗರ ನೋಟ್‌ಬುಕ್ ತಿದ್ದುತ್ತಿದ್ದೆ.

ಆರು ಗಂಟೆಯದು ಸಪ್ಪೆ ಧಾರಾವಾಹಿ ಎಂದು ನಮ್ಮ ಗುಂಪಿನಲ್ಲಿ ತೀರ್ಮಾನವಾಗಿತ್ತು. ಸಣ್ಣ ಊರಿನ ಒಂದು ಅಂಚೆ ಕಚೇರಿ. ಅಲ್ಲಿ ಕೆಲಸ ಮಾಡುವ ನಡುವಯಸ್ಸಿನ ಹೆಂಗಸು, ಅವಳ ಗಂಡ, ಜೊತೆಯಲ್ಲೇ ಇರುವ ಮೈದುನನ ಸಂಸಾರ. ದಿನಾ ಒಂದು ಕಾಗದವೋ ಪಾರ್ಸಲ್ಲೋ ಬರುತ್ತದೆ, ಅದರ ಸುತ್ತ ಒಂದಿಷ್ಟು ಮಾತುಕತೆ. ವಿಷ ಹಾಕುವವರಿಲ್ಲ, ಮೆಟ್ಟಿಲಿನಿಂದ ತಳ್ಳುವವರಿಲ್ಲ. ನಾನು ಅದನ್ನು ಸರಿಯಾಗಿ ನೋಡಿರಲೇ ಇಲ್ಲ. ಕೆಂಪು ಪೆನ್ನು ಹಿಡಿದು ಕಿವಿಯಲ್ಲಿ ಅರ್ಧ ಕೇಳಿದ್ದೆ.

ಸುಮಾರು ಎರಡು ವರ್ಷದ ಹಿಂದೆ, ಈ ಧಾರಾವಾಹಿಗಳೆಲ್ಲ ಬರುವ ವಾಹಿನಿಯವರ ಪ್ರಶಸ್ತಿಯ ನಾಮಿನೇಷನ್ ಪಟ್ಟಿ ಬಂತು. ಗುಂಪಿನಲ್ಲಿ ಯುದ್ಧವೇ ನಡೆಯಿತು. ಅತ್ಯುತ್ತಮ ಅತ್ತೆಯ ಪಟ್ಟಿಯಲ್ಲಿ ಒಂಬತ್ತರ ಅತ್ತೆಯನ್ನು ಬಿಟ್ಟಿದ್ದಕ್ಕೆ ಅರಕಲಗೂಡಿನವರು ಸಿಟ್ಟಾದರು. ಎಂಟು ಗಂಟೆಯ ಜೋಡಿಗೆ ಮೂರು ಕಡೆ ಹೆಸರು ಬಂದಿದ್ದನ್ನು ನರ್ಸಮ್ಮನವರು ಅನ್ಯಾಯವೆಂದರು. ಶುಕ್ರವಾರ ಅಕ್ಕ ಬಂದಾಗ ಇದನ್ನೆಲ್ಲ ರಂಗಾಗಿ ಹೇಳಿದೆ. ಅವಳ ಹತ್ತಿರ ಇದ್ದುದು ಬಟನ್ ಫೋನು, ಗುಂಪಿನ ಸುದ್ದಿ ನನ್ನ ಬಾಯಿಂದಲೇ ಕೇಳಬೇಕು. ಎಲ್ಲ ಕೇಳಿ, ಆರು ಗಂಟೆಯದು ಯಾವುದರಲ್ಲಿದೆ ಎಂದು ಕೇಳಿದಳು. ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ. ಯಾವುದರಲ್ಲೂ ಇರಲಿಲ್ಲ. ಅದನ್ನು ಯಾರು ನೋಡುತ್ತಾರೆ ಬಿಡಕ್ಕ, ಅದರಲ್ಲಿ ಏನಿದೆ ಎಂದೆ.

ಅಕ್ಕ ಟಿ.ವಿ.ಯ ಕಡೆಯೇ ನೋಡುತ್ತಾ, ನನ್ನ ಕಡೆ ತಿರುಗದೆ ಹೇಳಿದಳು.

"ಆ ಪೋಸ್ಟಾಫೀಸ್ನವಳ್ಗೆ ಮಕ್ಕಳಿಲ್ಲ, ನೋಡಿದ್ದೀಯ? ಎರಡ್ ವರ್ಷದಿಂದ ನೋಡ್ತಾ ಇವ್ನಿ ಕಣವ್ವ, ಯಾರೂ ಅದ್ನ ಎತ್ತಾಡಿಲ್ಲ. ಅರಕೆ ಕಟ್ಕೊಳಕಿಲ್ಲ, ಡಾಕ್ಟ್ರು ಅನ್ನಕಿಲ್ಲ. ಸುಮ್ನೆ ಎದ್ದು ಕೆಲ್ಸಕ್ಕೋಯ್ತಾಳೆ, ಬತ್ತಾಳೆ. ನಂಗೆ ಅದೇ ಇಷ್ಟ. ನೋಡೋವಾಗ ಇನ್ನೇನ್ ಬತ್ತದೋ ಅಂತ ಎದೆ ಹಿಡ್ಕಂಡು ಕೂರಂಗಿಲ್ಲ."

ಇಪ್ಪತ್ತು ವರ್ಷದಲ್ಲಿ ಅವಳು ಆ ವಿಷಯ ಎತ್ತಿದ್ದು ಅದೇ ಮೊದಲು. ನಾನು ಪೆನ್ನು ಕೆಳಗಿಟ್ಟೆ. ಅವಳೇ ಮಾತು ಬದಲಿಸಿ, ಮಜ್ಜಿಗೆ ಹುಳಿ ಬರುವುದರೊಳಗೆ ಮುಗಿಸು ಎಂದಳು.

ಅದಾಗಿ ಎರಡು ವಾರಕ್ಕೆ ಗುಂಪಿಗೆ ಒಂದು ಕರೆ ಬಂತು. ವಾಹಿನಿಯವರು ಹಾಸನದಲ್ಲಿ ವೀಕ್ಷಕರ ಸಭೆ ಮಾಡುತ್ತಾರೆ, ಪಟ್ಟಿಯಲ್ಲಿ ಬಿಟ್ಟುಹೋದ ಒಂದು ಧಾರಾವಾಹಿಯನ್ನು ವೀಕ್ಷಕರ ಮಾತಿನ ಮೇಲೆ ಸೇರಿಸುತ್ತಾರೆ ಎಂದು. ವೇದಿಕೆಯ ಮೇಲೆ ಮಾತಾಡಲು ನಾಲ್ಕು ಜನ ಬೇಕಿತ್ತು. ನಮ್ಮ ಗುಂಪಿನಿಂದ ನರ್ಸಮ್ಮನವರನ್ನೂ ನನ್ನನ್ನೂ ಆರಿಸಿದರು. ಜೊತೆಗೆ ಒಬ್ಬರನ್ನು ಕರೆತರಬಹುದಿತ್ತು. ಯಜಮಾನರಿಗೆ ಇದೆಲ್ಲ ಹುಡುಗಾಟ, ಮಗಳಿಗೆ ಪರೀಕ್ಷೆ. ಅಕ್ಕನಿಗೆ ಫೋನು ಮಾಡಿದೆ. ಎರಡು ಸಲ ಬೇಡವೆಂದು, ಮೂರನೆಯ ಸಲಕ್ಕೆ ಬರುತ್ತೇನೆಂದಳು.

ನನ್ನ ಮದುವೆಯಲ್ಲಿ ಅವಳಿಗೆ ಕೊಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ಬಸ್ಸು ಶಾಂತಿಗ್ರಾಮ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, "ಆರ್ ಗಂಟೇದ್ನೂ ಒಂದ್ ಮಾತ್ ಏಳ್ತೀಯಾ?" ಅದನ್ನೇ ಹೇಳುತ್ತೇನೆ ಅಕ್ಕ ಎಂದೆ. ಆಗ ಹಾಗೆ ಹೇಳಬೇಕೆಂದೇ ಇತ್ತು. ಹಿಂದಿನ ದಿನ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಂಡೂ ಇದ್ದೆ.

ಸಭೆ ಇದ್ದುದು ಒಂದು ಕಲ್ಯಾಣಮಂಟಪದಲ್ಲಿ. ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಮೂರು ಕ್ಯಾಮೆರಾ, ಕಣ್ಣಿಗೆ ಹೊಡೆಯುವ ದೀಪಗಳು, ಇನ್ನೂರು ಮುನ್ನೂರು ಹೆಂಗಸರು. ಅಕ್ಕನಿಗೆ ಮೂರನೆಯ ಸಾಲಿನಲ್ಲಿ ಜಾಗ ಸಿಕ್ಕಿತು. ನಿರೂಪಣೆ ಮಾಡುತ್ತಿದ್ದವನು ಮಾತುಮಾತಿಗೂ ಜನರನ್ನು ನಗಿಸುತ್ತಿದ್ದ. ಮೊದಲು ನರ್ಸಮ್ಮನವರನ್ನು ಕರೆದ. ಮೂಗು ಸೋರುವ ಅಳು ಮತ್ತು ಸೋರದ ಅಳುವಿನ ವಿಷಯವನ್ನು ಅವರು ಎಷ್ಟು ಚೆಂದ ಹೇಳಿದರೆಂದರೆ ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಹಾಳೆಯ ನಾಲ್ಕು ಸಾಲುಗಳಲ್ಲಿ ನಗು ಬರಿಸುವಂಥದ್ದು ಏನೂ ಇರಲಿಲ್ಲ.

ನನ್ನ ಸರದಿ ಬಂತು. ಯಾವ ಧಾರಾವಾಹಿಗೆ ಅನ್ಯಾಯವಾಗಿದೆ ಮೇಡಂ ಎಂದು ನಿರೂಪಕ ಕೇಳಿದ. ಆರು ಗಂಟೆಯದು ಎಂದೆ. ಅವನು ಹುಬ್ಬೇರಿಸಿ ಸಭೆಯ ಕಡೆ ತಿರುಗಿ, ಅದನ್ನ ಯಾರಾದ್ರೂ ನೋಡ್ತೀರಾ ಎಂದ. ಒಂದೆರಡು ಕೈ ಮೇಲೆದ್ದು ಕೆಳಗಿಳಿದವು. ಜನ ನಕ್ಕರು. ಹಾಗಾದರೆ ಅದನ್ನು ನೋಡುವವರು ಯಾಕೆ ನೋಡುತ್ತಾರೆ, ನೀವೇ ಹೇಳಿ ಎಂದು ಮೈಕನ್ನು ನನ್ನ ಬಾಯಿಗೆ ಹಿಡಿದ. ನಗು ನನ್ನ ಮೇಲೆ ಬರುತ್ತಿತ್ತು. ಅದನ್ನು ಬೇರೆ ಕಡೆಗೆ ತಿರುಗಿಸಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

"ನಮ್ಮನೇಲೊಬ್ಬರು ನೋಡ್ತಾರೆ," ಎಂದೆ. "ಯಾಕೆ ಗೊತ್ತಾ? ಎರಡು ವರ್ಷದಿಂದ ಅದ್ರಲ್ಲಿ ಒಬ್ಬರೂ ಬಸುರಿ ಆಗಿಲ್ವಂತೆ, ಅದ್ಕೆ."

ಸಭೆ ಹೋ ಎಂದು ನಕ್ಕಿತು. ನಿರೂಪಕ ಹೊಟ್ಟೆ ಹಿಡಿದುಕೊಂಡ. ನರ್ಸಮ್ಮನವರಿಗೆ ಬಂದ ಚಪ್ಪಾಳೆಗಿಂತ ಇದು ಜೋರಾಗಿತ್ತು. ನಾಚಿಕೆಗೆಟ್ಟು ಹೇಳುತ್ತೇನೆ, ಆ ಎರಡು ಮೂರು ಗಳಿಗೆ ನನಗೆ ಬಹಳ ಸಂತೋಷವಾಯಿತು. ಆಮೇಲೆ ಮೂರನೆಯ ಸಾಲಿನ ಕಡೆ ಕಣ್ಣು ಹೋಯಿತು. ಅಕ್ಕನೂ ನಗುತ್ತಿದ್ದಳು. ಅಕ್ಕಪಕ್ಕದವರು ನಗುತ್ತಿದ್ದುದರಿಂದ ಅವಳೂ ಹಲ್ಲು ತೋರಿಸುತ್ತಿದ್ದಳು. ಕೈ ಮಾತ್ರ ಕೇಸರಿಬಾತಿನ ಖಾಲಿ ಪೇಪರ್ ತಟ್ಟೆಯನ್ನು ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ ಮಡಿಸಿ, ಇನ್ನು ಮಡಿಸಲಾಗದಷ್ಟು ಸಣ್ಣದಾದ ಮೇಲೂ ಒತ್ತುತ್ತಲೇ ಇತ್ತು.

ಪಟ್ಟಿಗೆ ಹತ್ತೂವರೆಯ ಯಾವುದೋ ಒಂದನ್ನು ಸೇರಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಆ ಮಾತಿಗೆ ಏನಾದರೂ ಅಂದಿದ್ದರೆ ಚೆನ್ನಾಗಿತ್ತು. ನರ್ಸಮ್ಮನವರ ಧ್ವನಿ ಗಟ್ಟಿ ಎಂದಳು. ಉಪ್ಪಿಟ್ಟಿಗೆ ಉಪ್ಪು ಮುಂದಾಗಿತ್ತು ಎಂದಳು. ನಾನು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಾಗ, "ಚೆನ್ನಾಗ್ ಮಾತಾಡ್ದೆ ಕಣವ್ವ" ಎಂದಳು. ಅದರಲ್ಲಿ ವ್ಯಂಗ್ಯ ಹುಡುಕಿದೆ, ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಇಳಿದ ಮೇಲೆ ಮನೆಗೆ ಬಂದು ಕಾಫಿ ಕುಡಿದು ಹೋಗು ಎಂದರೆ, ಹೊತ್ತಾಯಿತು ಎಂದು ನಿಂತಿದ್ದ ಬಾಗೂರಿನ ಬಸ್ಸು ಹತ್ತಿದಳು. ಇನ್ನೂ ಐದು ಗಂಟೆ ಆಗಿರಲಿಲ್ಲ.

ಮುಂದಿನ ಶುಕ್ರವಾರ ಸೊಪ್ಪಿನ ಚೀಲ ಬಂತು, ಅವಳು ಬರಲಿಲ್ಲ. ಬಸ್‌ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಇಟ್ಟಿದ್ದೇನೆ, ಬಂದು ತೆಗೆದುಕೋ ಎಂದು ಫೋನು ಮಾಡಿದಳು. ಅದರ ಮುಂದಿನ ವಾರವೂ ಹಾಗೆಯೇ. ಕೆಲಸ ಜಾಸ್ತಿ, ಮಂಡಿ ನೋವು ಎಂದು ಒಂದೊಂದು ವಾರ ಒಂದೊಂದು ಕಾರಣ. ಚೀಲ ಮಾತ್ರ ಒಂದು ವಾರವೂ ತಪ್ಪಲಿಲ್ಲ. ಅದನ್ನು ಮನೆಗೆ ತಂದು ಬಿಚ್ಚುವಾಗ ನನ್ನ ಮಗಳಿಗೆ ಇಷ್ಟವೆಂದು ಬೇರೆ ಕಟ್ಟಿಟ್ಟ ಎಳೆ ಸೌತೆಕಾಯಿ ಸಿಗುತ್ತಿತ್ತು.

ಅಷ್ಟರಲ್ಲಿ ವಾಹಿನಿಯವರು ಸಭೆಯ ತುಣುಕುಗಳನ್ನು ಫೋನಿಗೆ ಬಿಟ್ಟಿದ್ದರು. ನನ್ನ ಮಾತಿನ ತುಣುಕು ಎಲ್ಲ ಕಡೆ ಓಡಿತು. ನಮ್ಮ ಶಾಲೆಯ ಹೆಡ್‌ಮೇಡಂ ಕೂಡ ಕರೆದು ನಕ್ಕರು. ನಾನು ಒಳಗೊಳಗೇ ಬೇಯುತ್ತಾ ಮೇಲೆ ಹಲ್ಲು ಕಿರಿಯುತ್ತಿದ್ದೆ. ಅರಕಲಗೂಡಿನಲ್ಲಿ ನಮ್ಮ ನೆಂಟರ ಮನೆಯ ನಾಮಕರಣಕ್ಕೆ ಅಕ್ಕ, ಭಾವ, ನನ್ನ ಮಗಳು ಹೋಗಿದ್ದರು. ಶಾಲೆಯಲ್ಲಿ ಪರೀಕ್ಷೆ ನಡೆಯುತ್ತಿದ್ದುದರಿಂದ ನಾನು ಹೋಗಿರಲಿಲ್ಲ. ಹೋಗಲು ಧೈರ್ಯವೂ ಇರಲಿಲ್ಲ. ಸಾಯಂಕಾಲ ಮಗಳು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಳು.

"ಅಮ್ಮ, ಆ ವೀಡಿಯೋದಲ್ಲಿ ನೀನು ಹೇಳಿದ್ದು ದೊಡ್ಡವ್ವನ ಬಗ್ಗೇನಾ?"

ತೊಟ್ಟಿಲ ಹತ್ತಿರ ನಿಂತಿದ್ದಾಗ ಯಾರೋ ಒಬ್ಬಾಕೆ ಫೋನು ಹಿಡಿದು ತೋರಿಸಿ, ಇದು ನಿನ್ನ ವಿಷಯ ಅಲ್ಲವೇನವ್ವ ಎಂದು ಅಕ್ಕನನ್ನು ಕೇಳಿದ್ದಳಂತೆ. ಸುತ್ತ ನಿಂತವರು ಬಾಯಿಗೆ ಸೆರಗು ಮುಚ್ಚಿಕೊಂಡರಂತೆ. ಅಕ್ಕ, ಅಲ್ಲ ಅದು ಅವಳ ಸ್ಕೂಲಿನ ಯಾರದೋ ವಿಷಯ ಎಂದು ಹೇಳಿ ಮಗುವಿನ ಕೈಗೆ ಕಾಣಿಕೆ ಇಟ್ಟು ಊಟಕ್ಕೆ ಕೂತಳಂತೆ. ಮಗಳು ಇದನ್ನು ಹೇಳಿ ಉತ್ತರಕ್ಕೆ ಕಾದಳು. ಹೌದು ಎಂದೆ. ಅವಳು ಜಗಳವಾಡಲಿಲ್ಲ. ಬ್ಯಾಗು ತೆಗೆದುಕೊಂಡು ಹಾಸನದ ಬಸ್ಸಿಗೆ ಹೊರಟುಹೋದಳು. ಎರಡು ವಾರ ನನ್ನ ಫೋನು ಎತ್ತಲಿಲ್ಲ.

ಆರು ಗಂಟೆಯದನ್ನು ನಿಲ್ಲಿಸುತ್ತಾರೆಂಬ ಸುದ್ದಿ ಬಂದಿದ್ದು ಆ ದಿನಗಳಲ್ಲೇ. ಮೊದಲು ಮಧ್ಯಾಹ್ನಕ್ಕೆ ತಳ್ಳಿದರು, ಒಂದು ತಿಂಗಳಿಗೆ ಮುಗಿಸಿದರು. ಆ ಒಂದು ತಿಂಗಳು ನಾನು ಶಾಲೆಯಿಂದ ಬಂದ ಮೇಲೆ ಫೋನಿನಲ್ಲಿ ಪ್ರತಿ ಕಂತನ್ನೂ ನೋಡಿದೆ, ಪೆನ್ನು ಹಿಡಿಯದೆ. ಒಂದು ಕಂತಿನಲ್ಲಿ ಮೈದುನನ ಮಗುವಿಗೆ ಜ್ವರ ಬಂದಿರುತ್ತದೆ. ಆ ಅಂಚೆಯವಳು ತಣ್ಣೀರು ಬಟ್ಟೆ ಹಾಕುತ್ತಾ ಕೂತಿರುತ್ತಾಳೆ. ಮಗುವಿನ ತಾಯಿ ಕೆಲಸದಿಂದ ಬಂದು ಪಕ್ಕದಲ್ಲಿ ಕೂರುತ್ತಾಳೆ, ಇಬ್ಬರೂ ಸುಮ್ಮನೆ ಒಂದೇ ತಟ್ಟೆಯಲ್ಲಿ ಅವಲಕ್ಕಿ ತಿನ್ನುತ್ತಾರೆ. ಬೇರೆ ಏನೂ ಆಗುವುದಿಲ್ಲ. ನಾನು ಬಿ.ಎಡ್. ಓದುವಾಗ ಬಾಗೂರಿನ ಮನೆಯಲ್ಲಿ ಹೀಗೆ ಎಷ್ಟು ಶನಿವಾರಗಳು ಕಳೆದಿದ್ದವೋ. ಅಕ್ಕ ಅದನ್ನು ನೋಡುವಾಗ ನಾನು ಅವಳ ಪಕ್ಕದಲ್ಲೇ ಕೂತು ಒತ್ತಕ್ಷರ ತಿದ್ದುತ್ತಿದ್ದೆ.

ಗುಂಪಿನಲ್ಲಿ ಉದ್ದವಾಗಿ ಬರೆದೆ, ಆ ಧಾರಾವಾಹಿ ಒಳ್ಳೆಯದಿತ್ತು, ನಾನು ನೋಡದೆ ಆಡಿಕೊಂಡೆ ಎಂದು. ಸಭೆಯಲ್ಲಿ ಆಡಿದ್ದು ಯಾರ ವಿಷಯವೆಂದು ಬರೆಯಲಿಲ್ಲ. ಹೆಚ್ಚಿನವರು ಅದನ್ನೂ ಚುಚ್ಚುಮಾತೆಂದೇ ತಿಳಿದು ನಗುವ ಮುಖ ಹಾಕಿದರು. ನರ್ಸಮ್ಮನವರು ಮಾತ್ರ ಫೋನು ಮಾಡಿದರು. ಅವರೂ ಅದನ್ನು ದಿನಾ ನೋಡುತ್ತಿದ್ದರಂತೆ. ಆ ದಿನ ಸಭೆಯ ಕೊನೆಯಲ್ಲಿ ಮತ್ತೆ ಮೈಕು ಸಿಕ್ಕರೆ ಅದರ ಪರವಾಗಿ ಹೇಳಬೇಕೆಂದಿದ್ದರಂತೆ. ನೀವು ಅಷ್ಟು ನಗಿಸಿದ ಮೇಲೆ ನನಗೆ ಬಾಯಿ ಬರಲಿಲ್ಲ ಮೇಡಂ, ನಾನೂ ನಕ್ಕುಬಿಟ್ಟೆ ಎಂದರು.

ಆ ಭಾನುವಾರ ಬಾಗೂರಿಗೆ ಹೋದೆ. ಅಕ್ಕ ಜಗಲಿಯ ಮೇಲೆ ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಕಲ್ಲು ಹೆಕ್ಕತೊಡಗಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ, ನಾಮಕರಣದಲ್ಲಿ ನಡೆದಿದ್ದನ್ನು ಮಗಳು ಹೇಳಿದಳು ಅಕ್ಕ, ನನ್ನಿಂದ ತಪ್ಪಾಯಿತು ಎಂದೆ. ಧಾರಾವಾಹಿಯ ವಿಷಯವನ್ನು ಹಾಗೆ ಹಗುರಾಗಿ ಆಡಬಾರದಿತ್ತು ಎಂದೂ ಸೇರಿಸಿದೆ. ಅಲ್ಲಿಯೂ ಅದನ್ನು ಧಾರಾವಾಹಿಯ ವಿಷಯವೆಂದೇ ಹೇಳಿದೆ ನೋಡಿ.

ಅಕ್ಕ ಹುರುಳಿ ಆರಿಸುವುದನ್ನು ನಿಲ್ಲಿಸಿದಳು.

"ಅದ್ನ ಬೈದ್ರೆ ಬೈಯ್ಲಿ ಬುಡು, ಟಿ.ವಿ.ದು. ನಾನು ನಿನ್ಗೊಬ್ಳಿಗೆ ಏಳಿದ್ದೆ ಕಣವ್ವ. ನಿಮ್ ಭಾವಂಗೂ ಏಳಿರ್ಲಿಲ್ಲ."

ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಒಳಗೆ ಹೋಗಿ ನೀರು ತಂದುಕೊಟ್ಟಳು. ಊಟ ಮಾಡಿಕೊಂಡೇ ಹೋಗಬೇಕೆಂದಳು. ಹುರುಳಿಕಟ್ಟಿನ ಸಾರು, ಮುದ್ದೆ. ಬಡಿಸುವಾಗ ಎಂದಿನಂತೆ ನನಗೆ ಮುದ್ದೆ ಚಿಕ್ಕದು ಮಾಡಿದ್ದಳು. ಬಿಟ್ಟುಬಿಡು, ಆಗಿದ್ದಾಯಿತು ಎಂದು ಅವಳು ಹೇಳುತ್ತಾಳೆಂದು ಬಸ್ಸು ಬರುವವರೆಗೂ ಕಾದೆ. ಹೇಳಲಿಲ್ಲ. ಸಿಟ್ಟೂ ಮಾಡಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಅಕ್ಕ ಶುಕ್ರವಾರ ಮನೆಗೆ ಬರತೊಡಗಿದಳು. ಈಗಲೂ ಬರುತ್ತಾಳೆ. ಕಾಫಿ ಕುಡಿಯುತ್ತಾಳೆ, ಟಿ.ವಿ.ಯಲ್ಲಿ ಯಾವುದು ಬಂದರೆ ಅದನ್ನು ನೋಡುತ್ತಾಳೆ, ಹಸು ಕರು ಹಾಕಿದ್ದು, ಭಾವನ ಮುಂಗೋಪ, ಊರಿನ ಜಗಳ ಎಲ್ಲ ಹೇಳುತ್ತಾಳೆ. ಮೊದಲಿನಂತೆಯೇ ಎಂದು ಯಜಮಾನರು ಅನ್ನುತ್ತಾರೆ. ಮೊದಲಿನಂತಲ್ಲ ಎಂಬುದು ನನಗೆ ಗೊತ್ತಾಗುತ್ತದೆ. ತನ್ನ ಮೈಯದು, ಮನಸ್ಸಿನದು ಎನ್ನುವಂಥ ಮಾತು ಅವಳ ಬಾಯಿಂದ ನನ್ನ ಮುಂದೆ ಬರುವುದಿಲ್ಲ.

ಕಳೆದ ತಿಂಗಳು ಮಗಳು ಫೋನು ಮಾಡಿ, ದೊಡ್ಡವ್ವನ ಆಪರೇಷನ್ ಆಯಿತು, ನೀನು ಯಾವಾಗ ನೋಡಲು ಹೋಗುತ್ತೀಯ ಎಂದಳು. ನನಗೆ ಯಾವ ಆಪರೇಷನ್ ಎಂದೇ ತಿಳಿದಿರಲಿಲ್ಲ. ಎಡಗಣ್ಣಿಗೆ ಪೊರೆ ಬಂದಿತ್ತಂತೆ. ಆರು ತಿಂಗಳಿನಿಂದ ಮಂಜುಮಂಜಾಗಿತ್ತಂತೆ. ಹಾಸನದ ಆಸ್ಪತ್ರೆಗೆ ಮಗಳೇ ಕರೆದುಕೊಂಡು ಹೋಗಿ ತೋರಿಸಿ, ದಿನ ಗೊತ್ತು ಮಾಡಿ, ಆಪರೇಷನ್ ಮಾಡಿಸಿ, ಊರಿಗೆ ಬಿಟ್ಟು ಬಂದಿದ್ದಳು. ಆ ಆರು ತಿಂಗಳಲ್ಲಿ ಅಕ್ಕ ಎಷ್ಟೋ ಶುಕ್ರವಾರ ನನ್ನ ಮನೆಯಲ್ಲಿ ಕೂತು ಹೋಗಿದ್ದಳು.

ಶಾಲೆಗೆ ರಜೆ ಹಾಕಿ ಬಾಗೂರಿಗೆ ಹೋದೆ. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು, ಬಾರವ್ವ ಎಂದು ಸರಿದು ಜಾಗ ಮಾಡಿದಳು. ಯಾಕೆ ನನಗೆ ಒಂದು ಮಾತು ಹೇಳಲಿಲ್ಲ ಅಕ್ಕ ಎಂದೆ.

"ನಿಂಗೆ ಸ್ಕೂಲಿರ್ತದಲ್ಲ ಅಂತ ಏಳ್ಲಿಲ್ಲ ಕಣವ್ವ," ಎಂದಳು.

ಹೂಂ ಎಂದೆ. ಅಷ್ಟರಲ್ಲಿ ಔಷಧಿಯ ಹೊತ್ತಾಗಿತ್ತು. ಭಾವ ತೋಟದಿಂದ ಇನ್ನೂ ಬಂದಿರಲಿಲ್ಲ. ನಾನು ಹಾಕುತ್ತೇನೆ ಎಂದು ಕೈ ತೊಳೆದುಕೊಂಡು ಬಂದೆ. ಅವಳು ಕನ್ನಡಕ ತೆಗೆದು, ಮುಖ ಮೇಲೆ ಮಾಡಿ ಮಲಗಿದಳು. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಂದು ಹನಿ ಬಿಟ್ಟೆ. ಹಾಕಿದ ಮೇಲೆ ಐದು ನಿಮಿಷ ಕಣ್ಣು ಮುಚ್ಚಿಕೊಂಡೇ ಇರಬೇಕೆಂದು ಡಾಕ್ಟರು ಹೇಳಿದ್ದರಂತೆ. ಅವಳು ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿದ್ದಳು. ನಾನು ಗಡಿಯಾರ ನೋಡುತ್ತಾ ಪಕ್ಕದಲ್ಲಿ ಕೂತಿದ್ದೆ.